ದಹಿಸರದಲ್ಲಿ ಕೊಂಡ ಮಣ್ಣಿನ ಮನೆ

ಪರೇಲ್, ಮುಂಬಯಿ
೧೨-೧೧-೧೯೫೪

ಅಪ್ಪಯ್ಯ,

ನೀವು ತೀರಿಕೊಂಡು ಮೂರು ವರ್ಷವಾಯಿತು. ಆದರೂ ಈ ಸುದ್ದಿಯನ್ನು ಮೊದಲು ನಿಮಗೇ ಬರೆಯುತ್ತಿದ್ದೇನೆ. ನಿನ್ನೆ ದಹಿಸರದಲ್ಲಿ ನಾವೊಂದು ಮಣ್ಣಿನ ಗೋಡೆಯ ಮನೆ ಕೊಂಡೆವು.

ಇವರಿಗೆ ಮನಸ್ಸಿರಲಿಲ್ಲ. "ನಮ್ಮ ಚಾಳ್ ಆದ್ರೂ ಕಲ್ಲಿನದ್ದು ಮಾರಾಯ್ತಿ. ಇದು ಒಂದೇ ಮಳೆಗೆ ಕುಸಿದ್ರೆ ಏನು ಮಾಡುದು?" ಎಂದರು. ನಾನು ಗೋಡೆಯ ಬುಡದಲ್ಲಿ ಕುಳಿತು ಉಗುರಿನಿಂದ ಕೆರೆದೆ. ಮಣ್ಣು ಉದುರಲಿಲ್ಲ. ಆಮೇಲೆ ಬೆರಳ ಗೆಣ್ಣಿನಿಂದ ಉದ್ದಕ್ಕೂ ಬಡಿಯುತ್ತಾ ಹೋದೆ. ತೆಂಕು ಮೂಲೆಯಲ್ಲಿ ಮಾತ್ರ ಟೊಳ್ಳು ಸದ್ದು ಬಂತು.

"ಇಲ್ಲಿ ಗೆದ್ದಲು ಹಿಡಿದಿದೆ" ಎಂದೆ. ಮನೆ ಮಾರುತ್ತಿದ್ದ ಪಾಟೀಲರು ಒಪ್ಪಲಿಲ್ಲ. ಸಾರಣೆ ಕೆರೆದು ಗೆದ್ದಲಿನ ದಾರಿ ತೋರಿಸಿದೆ. ಉಳಿದ ಗೋಡೆಯೆಲ್ಲ ಬಂಡೆಯ ಹಾಗಿತ್ತು.

"ಇದನ್ನೆಲ್ಲ ಯಾರು ಕಲಿಸಿದ್ರು, ಬಾಯಿ?" ಎಂದು ಪಾಟೀಲರು ಮರಾಠಿಯಲ್ಲಿ ಬೆರಗಾಗಿ ಕೇಳಿದರು.

"ನನ್ನ ಅಪ್ಪ. ಅವರು ಮಣ್ಣಿನ ಗೋಡೆ ಕಟ್ಟುತ್ತಿದ್ದರು" ಎಂದೆ.

ಮುಂಬಯಿಗೆ ಬಂದ ಈ ಹನ್ನೊಂದು ವರ್ಷದಲ್ಲಿ ನಾನಿದನ್ನು ಹೇಳಿದ್ದು ಇದೇ ಮೊದಲು. ನೀವು ಚಾಳಿಗೆ ಬಂದಿದ್ದಾಗ ನೆರೆಯವರು ನಿಮ್ಮ ಕೆಲಸ ಕೇಳಿದರು. ನೀವು ಬಾಯಿ ತೆರೆಯುವ ಮೊದಲೇ ನಾನು "ಅಕ್ಕಿ ವ್ಯಾಪಾರ" ಎಂದುಬಿಟ್ಟಿದ್ದೆ. ನೀವು ಸುಮ್ಮನೆ ಚಹಾ ಕುಡಿದಿರಿ.

ಪಾಟೀಲರು ಅಕ್ಕಪಕ್ಕದವರನ್ನು ಕರೆದು, "ಇವರು ಮಿಸ್ತ್ರಿಯ ಮಗಳು" ಎಂದರು. ನಾನು ತಲೆಯೆತ್ತಿ ಎಲ್ಲರಿಗೂ ನಮಸ್ಕಾರ ಮಾಡಿದೆ.

ಭಾನುವಾರ ಆ ಮೂಲೆ ಕಿತ್ತು ಹೊಸದಾಗಿ ಕಟ್ಟುತ್ತೇನೆ. ಮಣ್ಣನ್ನು ನಾನೇ ತುಳಿಯುತ್ತೇನೆ. ನೋಡಲು ಚಾಳಿನವರನ್ನೆಲ್ಲ ಕರೆದಿದ್ದೇನೆ.

ನಿಮ್ಮ ಮಗಳು,
ಸೇವಂತಿ