ಗೇಮಿನ ಡಬ್ಬದ ಹೊಲಸು

ಬಿ.ಟಿ.ಎಂ. ಲೇಔಟ್, ಬೆಂಗಳೂರು
9 ನವೆಂಬರ್ 2024, ಶನಿವಾರ

ಮಗನೇ ಯುವರಾಜ,

ಹುಷಾರಾಗಿದ್ದೀಯಾ? ಕೆಮ್ಮು ಇನ್ನೂ ಬಿಟ್ಟಿಲ್ಲವೆಂದು ನಿನ್ನ ಅಕ್ಕ ವನಿತಾ ಹೇಳಿದಳು. ಅವಳ ಮನೆಯಲ್ಲಿದ್ದೇನೆಂದು ಫ್ರಿಜ್ಜಿನ ನೀರು ಕುಡಿಯುವುದನ್ನು ಮೊದಲು ನಿಲ್ಲಿಸು. ನಿನ್ನ ಅಮ್ಮ ಚೆನ್ನಾಗಿದ್ದಾಳೆ, ಮಂಡಿನೋವು ಎಂದಿನಂತೆ ಇದೆ. ನೀನಿರುವ ತ್ಯಾಗರಾಜನಗರ ಇಲ್ಲಿಂದ ಅರ್ಧ ಗಂಟೆಯ ದಾರಿ. ಅಷ್ಟು ಹತ್ತಿರ ಇರುವ ಮಗನಿಗೆ ಕಾಗದ ಬರೆಯುವ ಗತಿ ಬಂತಲ್ಲ ಎಂದು ನನಗೇ ನಾಚಿಕೆ. ಆದರೆ ನೀನು ನನ್ನ ಫೋನ್ ಎತ್ತುವುದಿಲ್ಲ, ಬಾಗಿಲಿಗೆ ಬಂದರೆ ಮಹಡಿ ಹತ್ತಿಬಿಡುತ್ತೀಯ. ಅದಕ್ಕೇ ಇದನ್ನು, ಇವತ್ತು ಇಲ್ಲಿಗೆ ಬಂದಿರುವ ವನಿತಾಳ ಕೈಯಲ್ಲಿ ಕಳಿಸುತ್ತಿದ್ದೇನೆ. ಹರಿಯುವುದಾದರೆ ಓದಿ ಹರಿ.

ಹೋದ ವರ್ಷ ಆಯುಧಪೂಜೆಯ ಹಿಂದಿನ ದಿನ ನಾನು ಗೋಡೆಗೆ ಎಸೆದ ನಿನ್ನ ಟಿವಿ ಗೇಮಿನ ಡಬ್ಬವನ್ನು ರಿಪೇರಿ ಮಾಡುತ್ತಿದ್ದೇನೆ. ಒಳಗಿನ ಯಂತ್ರಕ್ಕೆ ಏನೂ ಆಗಿಲ್ಲ. ಜಯನಗರದಲ್ಲಿ ರಿಪೇರಿ ಅಂಗಡಿ ಇಟ್ಟಿರುವ ಪ್ರಕೃತಿ ಎಂಬ ಹುಡುಗಿ ಅದನ್ನು ಟಿವಿಗೆ ಹಾಕಿ ತೋರಿಸಿದಳು. ಒಡೆದಿರುವುದು ಹೊರಗಿನ ಪ್ಲಾಸ್ಟಿಕ್ ಮಾತ್ರ. ಅದನ್ನು ಹೊಸದರಂತೆ ಮಾಡಿ ಕೈಗೆ ಕೊಟ್ಟರೆ, ಅಂದು ಮನೆ ಬಿಟ್ಟು ಹೋದ ನೀನು ವಾಪಸು ಬರಬಹುದೆಂದು ನನಗೆ ಆಸೆ. ಆಸೆಯನ್ನು ಮುಚ್ಚಿಟ್ಟು ಏನು ಪ್ರಯೋಜನ.

ಆದರೆ ಎಂಥ ಹೊಲಸು ಕಣೋ ಅದು. ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದೆ. ಒಳಗೆ ಜಿರಲೆಗಳ ಒಂದು ಸಂಸಾರವೇ ಸತ್ತು ಬಿದ್ದಿತ್ತು. ಅವುಗಳ ಮೊಟ್ಟೆ, ನಿನ್ನ ತಲೆಗೂದಲು, ಖಾರದ ಮಿಕ್ಸ್ಚರಿನ ಪುಡಿ, ಅದಕ್ಕೆಲ್ಲ ನಿನ್ನ ಕೈಯ ಬೆವರೂ ಎಣ್ಣೆಯೂ ಸೇರಿ ಅಂಟಂಟು ಕಪ್ಪು ಜಿಡ್ಡು. ಬೊಮ್ಮನಹಳ್ಳಿಯ ಶೆಡ್ಡಿನಲ್ಲಿ ನಲವತ್ತು ವರ್ಷ ಆಟೋ, ಟೆಂಪೋಗಳಿಗೆ ಬಣ್ಣ ಹೊಡೆದವನು ನಾನು. ಕೋಳಿ ಸಾಗಿಸುವ ಗಾಡಿಯನ್ನೂ ತೊಳೆದಿದ್ದೇನೆ, ಅದೇ ಇದಕ್ಕಿಂತ ವಾಸಿ. ಯಂತ್ರವನ್ನು ಬೇರೆ ತೆಗೆದಿಟ್ಟು ಬರಿ ಡಬ್ಬವನ್ನು ಬಚ್ಚಲಲ್ಲಿ ಉಜ್ಜುತ್ತಾ ಕೂತಿದ್ದಾಗ ನಿನ್ನ ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದು ನೋಡಿ, ಫಿನೈಲ್ ಹಾಕಿ ತೊಳೆಯುವ ತನಕ ಈ ಬಚ್ಚಲಿಗೆ ಕಾಲಿಡುವುದಿಲ್ಲ ಎಂದಳು.

ಅದಕ್ಕಿಂತ ಅಸಹ್ಯ ನೀನೇ ಆ ಡಬ್ಬಕ್ಕೆ ಹೊಡೆದ ಹಸಿರು ಬಣ್ಣ. ತೊಳೆದಿಲ್ಲ, ಉಜ್ಜಿಲ್ಲ, ತಳಕ್ಕೆ ಪ್ರೈಮರ್ ಇಲ್ಲ, ಜಿಡ್ಡಿನ ಮೇಲೇ ಆಟೋ ಪೇಂಟು. ಕಜ್ಜಿಯಂತೆ ಎದ್ದು ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು. ಒಂದು ಕಡೆ ಬಣ್ಣದೊಳಗೆ ಸೊಳ್ಳೆ ಅಂಟಿತ್ತು, ಕಾಲು ಸಮೇತ. ಮೇಲೆ ಥಳಕು ಒಳಗೆ ಹುಳುಕು ಅನ್ನುತ್ತಾರೆ, ನಿನ್ನದರಲ್ಲಿ ಮೇಲೂ ಥಳಕಿರಲಿಲ್ಲ. ಪೇಂಟರ್ ಸಂಜೀವಯ್ಯನ ಮಗನ ಕೆಲಸ ಇದು ಎಂದು ಯಾರ ಮುಂದೆ ಹೇಳಲಿ? ಅಷ್ಟು ಸಾಲದೆಂದು, ಆ ಬಣ್ಣ ಹೊಡೆದ ನನ್ನ ಸ್ಪ್ರೇ ಗನ್ನನ್ನು ತೊಳೆಯದೆ ಹಾಗೇ ಇಟ್ಟೆ. ಪೂಜೆಗಿಡಲು ತೆಗೆದಾಗ ಒಳಗೆಲ್ಲ ಬಣ್ಣ ಒಣಗಿ ಅದರ ಬಾಯಿ ಕಲ್ಲಾಗಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಎಂದು ನಿನಗೆ ಬುದ್ಧಿ ಹೇಳುತ್ತಿದ್ದವನೂ ನಾನೇ. ಗನ್ ಹೋದರೆ ಇನ್ನೊಂದು ತರಬಹುದಿತ್ತು. ನಿನ್ನ ಡಬ್ಬ ಎಸೆದದ್ದು ನನ್ನ ತಪ್ಪು. ಇಷ್ಟು ಬರೆಯಲು ಒಂದು ವರ್ಷ ಹಿಡಿಯಿತು.

ಈಗ ನನ್ನ ಹೇಸಿಗೆಯನ್ನೂ ಕೇಳು. ತೊಳೆದ ಮೇಲೆ ಜಿಡ್ಡು ಉಳಿಯಬಾರದೆಂದು, ಕೈ ಅಭ್ಯಾಸದಂತೆ, ಬಟ್ಟೆಯನ್ನು ಬಣ್ಣ ಕರಗಿಸುವ ತಿನ್ನರಿನಲ್ಲಿ ಅದ್ದಿ ಒರೆಸಿಬಿಟ್ಟೆ. ತಗಡಿಗೆ ಇಷ್ಟು ವರ್ಷ ಮಾಡಿದ್ದು ಅದನ್ನೇ. ಒಂದು ಮೂಲೆಯ ಪ್ಲಾಸ್ಟಿಕ್ಕು ಬೆಲ್ಲದ ಪಾಕದಂತೆ ಕರಗಿ ಬಟ್ಟೆಗೆ ಬಂತು, ನನ್ನ ಹೆಬ್ಬೆಟ್ಟಿನ ಗುರುತು ಅದರಲ್ಲೇ ಕೂತಿತು. ನನ್ನ ಮೇಲೆ ನನಗೇ ಥೂ ಅನ್ನಿಸಿತು. ಶೆಡ್ಡಿನ ಹುಡುಗರಿಗೆಲ್ಲ ಕೆಲಸ ಕಲಿಸಿದವನು, ತಲೆ ತಗ್ಗಿಸಿಕೊಂಡು ಪ್ರಕೃತಿಯ ಹತ್ತಿರ ಹೋದೆ. ಅವಳಿಗೆ ನಿನ್ನ ವಯಸ್ಸು ಇರಬಹುದು. ಪುಣ್ಯಾತ್ಗಿತ್ತಿ, ನಗಲಿಲ್ಲ.

“ಅಂಕಲ್, ಇದು ಗಾಡಿ ಅಲ್ಲ. ತಿನ್ನರ್ ಮುಟ್ಟಿಸ್ಲೇಬೇಡಿ. ಸೋಪ್ ನೀರಲ್ಲಿ ತೊಳೆದು ಸ್ಪಿರಿಟ್‌ನಲ್ಲಿ ಮೆತ್ತಗೆ ಒರೆಸಿ, ಜೋರು ಮಾಡ್ಬೇಡಿ” ಎಂದಳು.

ಜೋರು ಮಾಡಬೇಡಿ ಎಂದು ನಿನ್ನ ಅಮ್ಮ ಮೂವತ್ತು ವರ್ಷದಿಂದ ಹೇಳುತ್ತಿದ್ದಾಳೆ. ಕೇಳಿದ್ದು ಈ ಹುಡುಗಿಯ ಮಾತನ್ನು. ಕರಗಿದ ಮೂಲೆಗೂ ಬಿರುಕಿಗೂ ಪುಟ್ಟಿ ತುಂಬಿ, ನೀರು ಹಾಕಿ ವಾಟರ್ ಪೇಪರಿನಲ್ಲಿ ನಾಲ್ಕು ದಿನ ಉಜ್ಜಿ ನುಣುಪು ಮಾಡಿದೆ. ಪ್ಲಾಸ್ಟಿಕ್ಕಿಗೆಂದೇ ಬರುವ ಪ್ರೈಮರ್ ಹೊಡೆದಿದ್ದೇನೆ. ಈಗ ಡಬ್ಬ ಬೂದು ಬಣ್ಣದಲ್ಲಿ ಶೆಡ್ಡಿನೊಳಗೆ ತಂತಿಗೆ ನೇತಾಡುತ್ತಿದೆ, ಧೂಳು ಕೂರದಂತೆ ಮೇಲೊಂದು ಹಳೆ ಸೀರೆ ಕಟ್ಟಿದ್ದೇನೆ. ಬಣ್ಣ ಮಾತ್ರ ಬಾಕಿ.

ಅಳಿಯಂದಿರಿಗೆ ನಮ್ಮ ನೆನಪು ಹೇಳು. ಅಮ್ಮ ಕೊಟ್ಟು ಕಳಿಸಿರುವ ಕಷಾಯದ ಪುಡಿಯನ್ನು ಮೂಲೆಗೆಸೆಯದೆ ಕುಡಿ. ನಿನಗೆ ಎಲ್ಲೆಲ್ಲೂ ಒಳ್ಳೆಯದೇ ಆಗಲಿ.

ನಿನ್ನ ಅಪ್ಪ,
ಸಂಜೀವಯ್ಯ

ವಿ.ಸೂ.: ಒಂದು ಮಾತು ಮರೆತೆ ಎಂದು ಬರೆಯಲು ಹೊರಟಿದ್ದೆ, ಮರೆತಿರಲಿಲ್ಲ. ಯುಗಾದಿಯಿಂದ ನನ್ನ ಬಲಗೈ ನಡುಗುತ್ತಿದೆ. ಅಕ್ಷರ ನೋಡಿ ನಿನಗೆ ಗೊತ್ತಾಗಿರಬೇಕು. ಡಾಕ್ಟರಿಗೆ ತೋರಿಸಿದೆ, ಇದು ಪೂರ್ತಿ ಹೋಗುವ ಕಾಯಿಲೆ ಅಲ್ಲವಂತೆ. ಅಮ್ಮನಿಗೆ ಹೇಳಿಲ್ಲ, ನೀನೂ ಹೇಳಬೇಡ. ಪ್ರೈಮರ್ ಎರಡು ಸಲ ಒಂದೇ ಕಡೆ ದಪ್ಪಗೆ ಬಿದ್ದು ಸೋರಿತು, ಎರಡು ಸಲವೂ ಉಜ್ಜಿ ತೆಗೆದು ಮತ್ತೆ ಹೊಡೆದೆ. ಕೊನೆಯ ಬಣ್ಣ ನನ್ನ ಕೈಯಲ್ಲಿ ಆಗುವುದಿಲ್ಲ ಯುವರಾಜ. ಹೊಸ ಗನ್ ತಂದಿಟ್ಟಿದ್ದೇನೆ, ನೀನು ಬಂದು ಹಿಡಿ. ಹೊಲಸಾಗಿಯೇ ಹೊಡೆಯುತ್ತೀಯ, ಗೊತ್ತು. ಪಕ್ಕದಲ್ಲಿ ನಿಂತು ಹೇಳಿಕೊಡುತ್ತೇನೆ. ನಾಳೆ ಇಡೀ ದಿನ ಶೆಡ್ಡಿನಲ್ಲೇ ಇರುತ್ತೇನೆ.