ಗಿಳಿಗೆ ಗುಬ್ಬಿಯೆಂದು ಹೆಸರಿಟ್ಟವಳಿಗೆ

ಬುಧವಾರ, ತಾರೀಖು ಹತ್ತೊಂಬತ್ತು
ಕಾಳಿನ ಕೋಣೆ, ಮೂರನೇ ಮೂಟೆಯ ಮೇಲಿನಿಂದ

ಅಖಿಲ ಶುಕಕುಲ ಸಂರಕ್ಷಕಿ, ಕಾವುಪೆಟ್ಟಿಗೆಯ ಅಧಿದೇವತೆ, ಬೂದುಮುಸುಕಿನ ಸಾಮ್ರಾಜ್ಞಿ, ಹನ್ನೊಂದು ಗಿಳಿಗಳ ಮಹಾಮಾತೆ, ಮತ್ತು ಮನೆಯ ಹಳೆಯ ಫೋಟೋಗಳನ್ನು ನಂಬುವುದಾದರೆ ನನ್ನ ಒಡಹುಟ್ಟಿದವಳೂ ಆಗಿರುವ ಅಕ್ಕನವರ ದಿವ್ಯ ಸನ್ನಿಧಾನಕ್ಕೆ, ಕೆಳಗೆ ಸಹಿ ಮಾಡಿರುವ ಅಲ್ಪಜೀವಿಯು ನೆಲಕ್ಕೆ ಹಣೆ ಹಚ್ಚಿ (ಇವತ್ತು ಕಸ ಗುಡಿಸಿಲ್ಲ, ಆದ್ದರಿಂದ ಹಚ್ಚಿದಂತೆ ನಟಿಸಿ) ಅರಿಕೆ ಮಾಡಿಕೊಳ್ಳುವುದೇನೆಂದರೆ:

ಇಲ್ಲಿ ಎಲ್ಲರೂ ಕ್ಷೇಮ. ಅಲ್ಲಿ, ಆ ಕಾಡಿನ ಬಿಡಾರದಲ್ಲಿ, ನೀನೂ ನಿನ್ನ ಪರಿವಾರವೂ ಕ್ಷೇಮವೆಂದು ತಿಳಿದು ಸಂತೋಷಪಡಬೇಕೆಂದು ಅಮ್ಮ ಹೇಳಿದಳು. ಸಂತೋಷಪಟ್ಟೆ.

ಉತ್ತರ ತಡವಾದದ್ದಕ್ಕೆ ಕ್ಷಮೆಯಿರಲಿ. ನಿಮ್ಮಲ್ಲಿ ಫೋನಿಗೆ ಜೀವವಿಲ್ಲ, ಕಾಳಿನ ವ್ಯಾನು ಹೊರಡುವುದು ಗುರುವಾರಕ್ಕೊಮ್ಮೆ. ಮೊದಲನೇ ಗುರುವಾರ ನನಗೆ ಕೋಪವಿತ್ತು. ಎರಡನೇ ಗುರುವಾರ ಕೋಪ ಇಳಿದಿತ್ತು, ಪೆನ್ನು ಸಿಗಲಿಲ್ಲ. ನಾಳೆ ಮೂರನೆಯದು. ಹೊಸ ನೆಪ ಹೊಳೆಯದೆ ಬರೆಯುತ್ತಿದ್ದೇನೆ.

ಕೋಪ ಏಕೆಂದು ಕೇಳುವೆಯಾ? ನಿನ್ನ ಪತ್ರವನ್ನು ನಾನು ಸಾಲು ಸಾಲಾಗಿ ಎಣಿಸಿದೆ. ಒಟ್ಟು ಎಂಬತ್ತೊಂದು ಸಾಲು. ಕಾಡಿಗೆ ಬಿಟ್ಟ ಹನ್ನೊಂದು ಹಕ್ಕಿಗಳಿಗೆ ಮೂವತ್ತು. ಇಲ್ಲಿ ಉಳಿದಿರುವ ಇಪ್ಪತ್ತನಾಲ್ಕನೇ ನಂಬರಿನ ಗಿಳಿಗೆ ನಲವತ್ತಾರು. ಅಮ್ಮನಿಗೆ ನಾಲ್ಕು. ನನಗೆ ಒಂದು. ಆ ಒಂದು ಸಾಲನ್ನು ಇಲ್ಲಿ ಯಥಾವತ್ತಾಗಿ ಉದ್ಧರಿಸುತ್ತೇನೆ: ‘ನೀನು ಹೇಗೂ ಚೆನ್ನಾಗಿರ್ತೀಯ ಬಿಡು.’ ಆ ‘ಬಿಡು’ ಎಂಬ ಪದವನ್ನು ನಾನು ಬಹಳ ಹೊತ್ತು ನೋಡಿದೆ. ಗಿಳಿಗಳನ್ನು ಕಾಡಿಗೆ ಬಿಡುವವರ ಬಾಯಲ್ಲಿ ಆ ಪದಕ್ಕೆ ಎಷ್ಟು ಅರ್ಥವೋ!

ನನಗೆ ಹೊಟ್ಟೆಕಿಚ್ಚೇನೂ ಇಲ್ಲ. ಒಂದು ಹಿಡಿ ಪುಕ್ಕದ ಮೇಲೆ, ತನ್ನ ಹಿಕ್ಕೆಯನ್ನು ತಾನೇ ತುಳಿಯುವ ಪ್ರಾಣಿಯ ಮೇಲೆ, ನನ್ನಂಥವಳಿಗೆ ಹೊಟ್ಟೆಕಿಚ್ಚೇ? ಆದರೂ ಮುಂದೆ ಬರುವ ಚರಿತ್ರೆಕಾರರ ಅನುಕೂಲಕ್ಕಾಗಿ ನಡೆದದ್ದನ್ನು ಮೊದಲಿನಿಂದ ದಾಖಲಿಸುವುದು ನನ್ನ ಧರ್ಮ.

ನಮ್ಮ ಈ ಗಿಳಿ ಸಂರಕ್ಷಣಾ ಕೇಂದ್ರದಲ್ಲಿ ಇರುವ ಕುರ್ಚಿಗಳಿಗಿಂತ ಕಡಿಮೆ ಸಂಖ್ಯೆಯಲ್ಲಿ ಕಾಡಿನಲ್ಲಿ ಉಳಿದಿರುವ ಗಿಳಿಗಳಿವು. ಆದ್ದರಿಂದ ಇಲ್ಲಿ ಮೊಟ್ಟೆಗೆ ಕಾವು ಕೊಟ್ಟು, ಮರಿಗೆ ಗಿಳಿಮುಖದ ಕೈಗವಸಿನಿಂದ ಉಣಿಸಿ, ಅಮ್ಮ ಹೊಲಿದ ಬೂದುಮುಸುಕು ಹೊದ್ದು ಓಡಾಡುತ್ತೇವೆ. ಮರಿಗೆ ಮನುಷ್ಯರ ಮುಖವೂ ಗೊತ್ತಾಗಬಾರದು, ದನಿಯೂ ಗೊತ್ತಾಗಬಾರದು. ಮನುಷ್ಯರನ್ನು ಪ್ರೀತಿಸುವ ಗಿಳಿ ಕಾಡಿನಲ್ಲೂ ಮನುಷ್ಯರ ಹತ್ತಿರವೇ ಹೋಗುತ್ತದೆ, ಎಲ್ಲರ ಕೈಯಲ್ಲೂ ಹಣ್ಣಿರುವುದಿಲ್ಲ. ಬಾಗಿಲ ಮೇಲಿನ ಹಲಗೆಯಲ್ಲಿ ದಪ್ಪಕ್ಷರದಲ್ಲಿ ಬರೆದವಳು ನೀನೇ: ‘ಮಾತು ಬೇಡ. ಹೆಸರು ಬೇಡ. ನಂಬರು ಸಾಕು.’

ಹೀಗಿರಲು ಇಪ್ಪತ್ತನಾಲ್ಕನೆಯದು ಹುಟ್ಟಿತು. ಹುಟ್ಟಿತು ಅನ್ನುವುದೂ ತಪ್ಪು. ಚಿಪ್ಪಿನೊಳಗೇ ಸಿಕ್ಕಿಕೊಂಡಿದ್ದನ್ನು ನೀನು ಒದ್ದೆ ಹತ್ತಿಯಲ್ಲಿ ಬಿಡಿಸಿ ತೆಗೆದೆ. ಹನ್ನೊಂದು ದಿನ ಮನೆಗೆ ಬರಲಿಲ್ಲ. ಹನ್ನೆರಡನೇ ದಿನ ನನ್ನ ಹುಟ್ಟುಹಬ್ಬವಿತ್ತು. ಅಮ್ಮನೂ ನಾನೂ ನಿನಗಾಗಿ ಕಾದು, ಕೊನೆಗೆ ತಟ್ಟೆ ಹಾಕಿಕೊಂಡು ಕೂತಿದ್ದೆವು. ನೀನು ತೋಳಿಗೆಲ್ಲ ಮರಿಯ ಗಂಜಿ ಮೆತ್ತಿಕೊಂಡು ಓಡಿ ಬಂದೆ. ಬಾಗಿಲಲ್ಲೇ ನಿಂತು, “ಗುಬ್ಬಿ ಇವತ್ತು ಕಣ್ಣು ಬಿಟ್ಟಳು ಕಣಮ್ಮಾ!” ಎಂದೆ.

ನಾನು ತಲೆಯೆತ್ತಿದೆ. ನಾನು ಕಣ್ಣು ಬಿಟ್ಟು ಆಗಲೇ ಇಪ್ಪತ್ತೊಂದು ವರ್ಷವಾಗಿತ್ತು.

“ಯಾವ ಗುಬ್ಬಿಯೇ?” ಎಂದಳು ಅಮ್ಮ.

“ಇಪ್ಪತ್ನಾಕನೇದಮ್ಮಾ. ಇಷ್ಟೇ ಇಷ್ಟಿದಾಳೆ. ಬೇರೆ ಹೆಸರೇ ಬಾಯಿಗೆ ಬರಲ್ಲ.”

ಪಕ್ಷಿಶಾಸ್ತ್ರ ಓದಿ ಪದಕ ಪಡೆದವಳು ಗಿಳಿಗೆ ಗುಬ್ಬಿಯೆಂದು ಹೆಸರಿಡಬಹುದೇ? ನಾಳೆ ಕಾಗೆಗೆ ಕೊಕ್ಕರೆಯೆಂದರೆ ನಾವು ಎಲ್ಲಿಗೆ ಹೋಗಬೇಕು? ಅದಿರಲಿ. ಆ ಹೆಸರಿನಲ್ಲಿ ಆಗಲೇ ಒಬ್ಬಳು ವಾಸವಾಗಿದ್ದಳು. ಅಮ್ಮನ ಹೊಲಿಗೆ ಮಿಷನ್ನಿನ ಕೆಳಗೆ ಬಟ್ಟೆಚೂರುಗಳ ಮಧ್ಯೆ ಅಡಗಿ ಕೂರುತ್ತಿದ್ದವಳು. ನೀನು ಶಾಲೆಯಿಂದ ಬಂದು ಚೀಲ ಎಸೆದು, ನಾನು ಎಲ್ಲಿರುವೆನೆಂದು ಗೊತ್ತಿದ್ದೂ, ಅಕ್ಕಿ ಡಬ್ಬಿಯ ಮುಚ್ಚಳ ತೆಗೆದು, ಅಪ್ಪನ ಹಳೇ ಬೂಟಿನೊಳಗೆ ಇಣುಕಿ, ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದೆ: “ಗುಬ್ಬೀ, ಎಲ್ಲಿದ್ದೀಯೇ?” ನಾನು ನಗು ತಡೆಯಲಾರದೆ, “ಇಲ್ಲೇ ಇದ್ದೀನಿ!” ಎನ್ನುತ್ತಿದ್ದೆ. ಆ ಹೆಸರನ್ನು ನನ್ನಿಂದ ಬಿಡಿಸಿ ಇನ್ನೊಬ್ಬರಿಗೆ ಹಾಕುವಾಗ, ಹಳೇ ಫ್ರಾಕು ಕೊಡುವಾಗ ಕೇಳುವಷ್ಟಾದರೂ, ‘ನಿಂಗೆ ಬೇಕೇನೇ?’ ಎಂದು ಕೇಳಬಹುದಿತ್ತು.

ಇನ್ನು ಪರೀಕ್ಷೆಯ ದಿನದ ವೃತ್ತಾಂತ. ಹಾರಾಟದ ದೊಡ್ಡ ಪಂಜರ. ಮೂವರು ಅಪರಿಚಿತರು ಒಳಗೆ ಬರುತ್ತಾರೆ. ಗಿಳಿ ಹೆದರಿ ದೂರದ ಕೊಂಬೆಗೆ ಹಾರಿದರೆ ಕಾಡಿಗೆ, ಹತ್ತಿರ ಬಂದರೆ ಇಲ್ಲೇ. ನಿನ್ನ ಕುಮಾರಿ ಬಾಣದ ಹಾಗೆ ಹಾರಿದಳು. ಕೇಂದ್ರದ ಸರ್ವಾಧಿಕಾರಿ ಡಾಕ್ಟರಮ್ಮ ಪಟ್ಟಿಯಲ್ಲಿ ಗುರುತು ಹಾಕಲು ಪೆನ್ನು ತೆಗೆದರು. ನೀನು ಮುಸುಕಿನೊಳಗೇ ಕುಣಿದದ್ದು ನನಗೆ ಕಾಣಿಸಿತು. ಆಗ ಆ ಮೌನದಲ್ಲಿ, ಮೇಲಿನ ಕೊಂಬೆಯಿಂದ, ಸಾಕ್ಷಾತ್ ನಿನ್ನದೇ ದನಿಯಲ್ಲಿ, “ಗುಬ್ಬೀ, ಎಲ್ಲಿದ್ದೀಯೇ?”

ಒಬ್ಬ ಅಪರಿಚಿತ ನಕ್ಕುಬಿಟ್ಟ. ಡಾಕ್ಟರಮ್ಮ ನಗಲಿಲ್ಲ.

“ಇದು ಯಾರ ದನಿ ಅಂತ ನಾನು ಬಾಯಿಬಿಟ್ಟು ಕೇಳ್ಬೇಕಾ?”

“ನಂದೇ ಮೇಡಂ,” ಎಂದೆ ನೀನು. “ನಾನೇ ಮಾತಾಡಿಸಿದ್ದೆ. ತಪ್ಪಾಯ್ತು.”

“ನಾಳೆ ಕಾಡಲ್ಲಿ ಯಾವನೋ ಬಲೆ ಹಿಡ್ಕೊಂಡು ನಿಂತಿರ್ತಾನೆ. ಇದು ಅವನ ತಲೆ ಮೇಲೆ ಕೂತು ‘ಎಲ್ಲಿದ್ದೀಯೇ’ ಅನ್ನುತ್ತೆ. ಆಗ ಯಾರಿಗೆ ತಪ್ಪಾಯ್ತು ಅಂತೀಯಮ್ಮಾ?”

ನೀನು ಗಿಳಿಮುಖದ ಕೈಗವಸನ್ನು ಬಿಚ್ಚಿ ಮೇಜಿನ ಮೇಲಿಟ್ಟೆ. ಮುಂದಿನ ಸಲದ ಮರಿಗಳನ್ನು ನೀನು ಮುಟ್ಟಬಾರದೆಂದು ಅಪ್ಪಣೆಯಾಯಿತು. ಮರುದಿನ ಉಳಿದ ಹನ್ನೊಂದರ ಜೊತೆ ವ್ಯಾನು ಹತ್ತಿದೆ. ನಾನು ಗೇಟಿನಲ್ಲಿ ನಿಂತು ಕೈ ಬೀಸಿದೆ. ನೀನು ಪಂಜರದ ಕಡೆ ನೋಡಿ ಕೈ ಬೀಸಿದೆ. ಇದನ್ನೂ ಚರಿತ್ರೆಕಾರರು ಗಮನಿಸಬೇಕು.

ಈಗ ನೀನು ವಹಿಸಿದ ರಾಜಕಾರ್ಯದ ವರದಿ. ಮಾತಿನ ಪುಸ್ತಕ ಪಂಜರದ ಪಕ್ಕದ ಮೊಳೆಗೆ ನೇತುಹಾಕಿದೆ. ಗಿಳಿ ಆ ದಿನ ಮಾತಾಡಿದರೆ ‘ಹೌದು’, ಆಡದಿದ್ದರೆ ‘ಇಲ್ಲ’. ಒಂದೇ ಸಮನೆ ಮೂವತ್ತು ‘ಇಲ್ಲ’ ಬಿದ್ದರೆ ಎರಡನೇ ತಂಡದ ಜೊತೆ ಅದಕ್ಕೂ ಬಿಡುಗಡೆ. ತಂಡ ಹೊರಡಲು ಇನ್ನು ಒಂಬತ್ತು ವಾರವಿದೆ. ನೀನು ಹೋಗಿ ಐದು ವಾರವಾಯಿತು. ಈವರೆಗಿನ ದೊಡ್ಡ ಸಾಧನೆ ನಾಲ್ಕು ‘ಇಲ್ಲ’. ಅದೂ ನನಗೆ ಜ್ವರ ಬಂದು ಮಲಗಿದ್ದಾಗ.

“ನಾಲ್ಕು ದಿನ ಕೊಕ್ಕೇ ಬಿಚ್ಚಲಿಲ್ಲ ಕಣಮ್ಮಾ,” ಎಂದರು ಕಾಳಣ್ಣ. (ನಮ್ಮ ಕಾಳು ಅಳೆಯುವ ಕಾಳಣ್ಣ ಈಗಲೂ ಹಾಗೆಯೇ ಇದ್ದಾರೆ, ಕನ್ನಡಕ ಮಾತ್ರ ಹೊಸದು.) “ನೀನು ಬಂದೆ ನೋಡು, ಶುರು ಹಚ್ಕೊಂಡ್ತು. ನಿನ್ನ ಮುಖ ಕಂಡ್ರೆ ಅದಕ್ಕೇನೋ ಆಗುತ್ತೆ.”

“ಮುಸುಕಲ್ಲಿ ಮುಖ ಎಲ್ಲಿ ಕಾಣುತ್ತೆ ಕಾಳಣ್ಣಾ?”

“ಅದೇ ನಂಗೂ ತಿಳೀದು,” ಎಂದು ಅವರು ಹೊಸ ಕನ್ನಡಕದೊಳಗಿಂದ ನನ್ನನ್ನು ನೋಡಿದರು.

ಅವರಿಗೆ ನನ್ನ ಮೇಲೆ ಮೊದಲೇ ಸಿಟ್ಟಿದೆ. ಹೋದ ವಾರ ಒಳಗಿನ ಫೋನಿನಲ್ಲಿ ಡಾಕ್ಟರಮ್ಮನ ದನಿ ಮಾಡಿ, “ಸೂರ್ಯಕಾಂತಿ ಬೀಜ ಎಷ್ಟಿದೆ ಎಣಿಸಿ ಹೇಳಿ. ತೂಕ ಬೇಡ, ಎಣಿಸಿ,” ಎಂದಿದ್ದೆ. ಪಾಪ, ಇನ್ನೂರಹನ್ನೆರಡರವರೆಗೆ ಹೋಗಿದ್ದರು. “ನಿನ್ನ ಗಂಟಲಲ್ಲಿ ಊರೇ ಕೂತಿದೆ,” ಎಂದು ಬೈದರು. “ನಿಂದೇ ದನಿ ಯಾವುದು ಅಂತ ನಿಂಗಾದ್ರೂ ನೆನಪಿದೆಯಾ?”

ಇಪ್ಪತ್ತನಾಲ್ಕರ ದಿನಚರಿ ಕೇಳು. ಬೆಳಿಗ್ಗೆ ತಕ್ಕಡಿಯ ಮೇಲೆ ಆರೋಹಣ. ಒಂದು ಗ್ರಾಂ ಇಳಿದರೆ ಡಾಕ್ಟರಮ್ಮನಿಗೆ ಫೋನು. ನಾನು ಜ್ವರದಲ್ಲಿ ಮೂರು ಕಿಲೋ ಇಳಿದೆ, ಒಂದು ಬೆಕ್ಕೂ ವಿಚಾರಿಸಲಿಲ್ಲ. ಅದಕ್ಕೇ ತೂಕದ ಪುಸ್ತಕದಲ್ಲಿ ಅದರ ನಂಬರಿನ ಕೆಳಗೆ ನಾನೂ ಬರೆದುಕೊಂಡೆ: ‘ತಂಗಿ, ನಲವತ್ತೊಂಬತ್ತು ಕಿಲೋ. ಹಸಿವು ಸಾಧಾರಣ. ರೆಕ್ಕೆ ಕಂಡುಬಂದಿಲ್ಲ.’ ಡಾಕ್ಟರಮ್ಮ ಅದನ್ನು ಓದಿ, ಹೊಡೆದುಹಾಕದೆ, ಪಕ್ಕದಲ್ಲಿ ‘ಬಾಲ ಪರೀಕ್ಷಿಸಿ’ ಎಂದು ಬರೆದಿದ್ದಾರೆ. ಅವರಿಗೂ ನಗು ಬರುತ್ತದೆಂದು ಕೇಂದ್ರಕ್ಕೆ ಇದೇ ಮೊದಲ ಪುರಾವೆ.

ಕೊನೆಯದಾಗಿ, ನಿನ್ನ ಪತ್ರದ ಎಪ್ಪತ್ತೊಂಬತ್ತನೇ ಸಾಲು. ‘ಇನ್ನು ಮರಿಗಳ ಕೋಣೆಗೆ ನಾನು ಬರೋದೇ ಇಲ್ಲ. ನನ್ನ ಬಾಯಿಯನ್ನ ನಾನೇ ನಂಬೋ ಹಾಗಿಲ್ಲ. ಇಲ್ಲೇ ಕಾಡಲ್ಲಿ ಲೆಕ್ಕ ಬರ್ಕೊಂಡು ಇದ್ದುಬಿಡ್ತೀನಿ.’ ಇದನ್ನು ಅಮ್ಮನಿಗೆ ಓದಿ ಹೇಳಿದೆ. ಅವಳು ಮಿಷನ್ ನಿಲ್ಲಿಸಿದಳು. “ಅವಳ ಕೈ ಬಿದ್ರೆ ಸತ್ತ ಮೊಟ್ಟೆನೂ ಮಿಸುಕುತ್ತೆ. ಹಟ ಬೇಡ ಅಂತ ಬರಿ. ಹೊಸ ಮುಸುಕು ಹೊಲಿದಿಟ್ಟಿದ್ದೀನಿ ಅಂತ್ಲೂ ಬರಿ,” ಎಂದಳು. ಬರೆದಿದ್ದೇನೆ. ಗೂಡುಪೆಟ್ಟಿಗೆಯಲ್ಲಿ ಹಳೇ ಜೋಡಿ ಮತ್ತೆ ಮರದ ಪುಡಿ ಕೆದಕುತ್ತಿದೆ. ತಿಂಗಳೊಳಗೆ ಮೊಟ್ಟೆ ಬರಬಹುದು. ಕೈಗವಸು ನೀನಿಟ್ಟ ಮೇಜಿನ ಮೇಲೇ ಇದೆ, ಯಾರೂ ಮುಟ್ಟಿಲ್ಲ. ನಾನು ಒಂದು ಸಲ ಹಾಕಿ ನೋಡಿದೆ. ನನಗೆ ದೊಡ್ಡದು.

ವಯಸ್ಸಿನಲ್ಲಿ ಚಿಕ್ಕವಳಾದರೂ ಧೈರ್ಯ ಮಾಡಿ ಆಶೀರ್ವದಿಸುತ್ತಿದ್ದೇನೆ: ನಿನ್ನ ಹನ್ನೊಂದೂ ಗಿಡುಗನ ಕಣ್ಣಿಗೆ ಬೀಳದಿರಲಿ, ಅವಕ್ಕೆ ಬೇಕಾದ ಮರದಲ್ಲಿ ಬೇಕಾದಷ್ಟು ದೊಡ್ಡ ಪೊಟರೆ ಸಿಗಲಿ, ನಿನ್ನ ಟೆಂಟು ಸೋರದಿರಲಿ.

ಇತಿ,
ಗಿಳಿಗಳಿಗಿರುವಂತೆ ಕಾಲಿಗೆ ಬಳೆಯಿಲ್ಲದ, ನಂಬರೂ ಇಲ್ಲದ, ಸದ್ಯಕ್ಕೆ ಹೆಸರೂ ಇಲ್ಲದ
ನಿನ್ನ ತಂಗಿ

ತಾ.ಕ.: ಅಕ್ಕಾ, ಅದು ನಿನ್ನ ದನಿಯಲ್ಲ.

ನೀನು ಅದನ್ನು ಗುಬ್ಬಿಯೆಂದು ಕರೆದದ್ದು ಉಸಿರಿನಲ್ಲಿ ಮಾತ್ರ. ಬಾಗಿಲಿಗೆ ಕಿವಿಯಿಟ್ಟು ನಿಂತವಳಿಗೇ ಸರಿಯಾಗಿ ಕೇಳುತ್ತಿರಲಿಲ್ಲ, ಗಿಳಿಗೆ ಕಲಿಯಲು ಅದು ಸಾಲದು. ಅದು ಕೂಗಿದ್ದು ಬೀದಿಗೆಲ್ಲ ಕೇಳುವ ಕೂಗು. ಈ ಕೇಂದ್ರದಲ್ಲಿ ಆ ಕೂಗು ಗೊತ್ತಿದ್ದದ್ದು ನಮ್ಮಿಬ್ಬರಿಗೇ. ನಲವತ್ತು ದಿನ, ನೀನು ಊಟಕ್ಕೆ ಹೋದಾಗಲೆಲ್ಲ, ಮುಸುಕನ್ನು ಮೂಗಿನವರೆಗೆ ಎತ್ತಿ ನಿನ್ನ ದನಿಯಲ್ಲಿ ನಾನು ಕಲಿಸಿದೆ. ತಮಾಷೆಗೆಂದು ಹೇಳಿಕೊಳ್ಳುತ್ತಿದ್ದೆ. ಮಾತಾಡುವ ಹಕ್ಕಿಯನ್ನು ಬಿಡುವುದಿಲ್ಲವೆಂದು ನನಗೆ ಗೊತ್ತಿತ್ತು. ಅದು ಉಳಿದರೆ ನೀನೂ ಉಳಿಯುವೆ ಎಂದುಕೊಂಡಿದ್ದೆ. ನೀನು “ನಂದೇ ಮೇಡಂ” ಎಂದಾಗ ನಾನು ಬಾಗಿಲ ಹಿಂದೆ ನಿಂತಿದ್ದೆ, ಬಾಯಿ ಬಿಡಲಿಲ್ಲ. ಇಡೀ ಕೇಂದ್ರದಲ್ಲಿ ಅವತ್ತು ಮಾತಾಡಬೇಕಾಗಿದ್ದವಳು ನಾನೊಬ್ಬಳೇ.

ಪುಸ್ತಕದ ಎಲ್ಲ ‘ಹೌದು’ಗಳೂ ನನ್ನವೇ. ನೀನು ಹೋದ ಮೇಲೆ ದಿನಾ ಸಂಜೆ ಅದು ಕೇಳುತ್ತದೆ, “ಗುಬ್ಬೀ, ಎಲ್ಲಿದ್ದೀಯೇ?” ನಾನು “ಇಲ್ಲೇ ಇದ್ದೀನಿ” ಅನ್ನುತ್ತೇನೆ. ಓಗೊಡುವವರು ಇರುವಾಗ ಯಾವ ಗಿಳಿ ಕೂಗುವುದನ್ನು ಬಿಟ್ಟೀತು? ಇವತ್ತು ಮೂರು ಸಲ ಕೇಳಿತು. ಮುಸುಕಿನ ಅಂಚನ್ನು ಹಲ್ಲಲ್ಲಿ ಕಚ್ಚಿ ಕೂತೆ. ಮೂರನೇ ಸಲದ ನಂತರ ಅದು ತಲೆ ವಾರೆ ಮಾಡಿ ಸ್ವಲ್ಪ ಹೊತ್ತು ಕಾದು, ಆಮೇಲೆ ಹಣ್ಣು ತಿನ್ನಲು ಹೋಯಿತು. ನಾಳೆಯಿಂದ ಪಂಜರ ಕಾಳಣ್ಣನಿಗೆ. ಬೆಳಿಗ್ಗೆ ವ್ಯಾನು ಹೊರಡುವ ಮೊದಲೇ ಡಾಕ್ಟರಮ್ಮನ ಕೋಣೆಗೆ ಹೋಗಿ ಎಲ್ಲ ಹೇಳುತ್ತೇನೆ, ನನ್ನದೇ ದನಿಯಲ್ಲಿ. ಅದು ಹೇಗಿರುತ್ತದೋ ನೋಡೋಣ.

ಕೈಗವಸು ತೊಡಲು ಬಾ. ಬೈಯಲಿಕ್ಕೂ ಬಾ. ನಾನು ಕಾಣಿಸದಿದ್ದರೆ ಮಿಷನ್ನಿನ ಕೆಳಗೆ ನೋಡು. ಈಗ ಕಾಲು ಎರಡೂ ಹೊರಗೇ ಉಳಿಯುತ್ತವೆ, ಬಾಗಿಲಿನಿಂದಲೇ ಕಾಣುತ್ತದೆ. ಆದರೂ ಮೊದಲು ಅಕ್ಕಿ ಡಬ್ಬಿ ತೆಗೆದು ನೋಡಿ, ಒಂದು ಸಲ ಕೂಗಿ ಕೇಳು.