ವಜ್ರದ ಕಾರ್ಡಿನಲ್ಲಿ ಮೂರನೆಯವಳು

ತಾರೀಖು ೧೪, ಭಾನುವಾರ

ಪ್ರೀತಿಯ ಚಿಲ್ಲರೆಗೆ,

ನಿನ್ನ ಸೀಲಮ್ಮನ ನೂರೆಂಟು ನೆನಪುಗಳು. ಮೊಣಕಾಲು ರಿಪೇರಿ ಮಾಡಿಸಿಕೊಂಡು ಬಂದ ಮೇಲೆ ನೀನು ಮನೆಯಲ್ಲಿ ಯಾರನ್ನೂ ನಿಲ್ಲಲು ಕೂರಲು ಬಿಡುತ್ತಿಲ್ಲ ಎಂದು ನಿನ್ನ ಸೊಸೆ ಫೋನಿನಲ್ಲಿ ದೂರು ಹೇಳಿದಳು. ಅಂದರೆ ಹುಷಾರಾಗಿದ್ದೀಯ ಅಂತಲೇ ಅರ್ಥ, ಸಂತೋಷವಾಯಿತು. ನಿನ್ನ ಎರಡು ಕಾಗದಗಳೂ ಬಂದು ಮೇಜಿನ ಮೇಲೆ ಕೂತು ನನ್ನನ್ನೇ ದುರುಗುಟ್ಟಿ ನೋಡುತ್ತಿವೆ. ಎರಡರಲ್ಲೂ ಒಂದೇ ಮಾತು, "ಹೋಟೆಲು ಹೇಗಿತ್ತೇ, ವೈಭವ ಬರೆಯೇ" ಅಂತ.

ತಡವಾದದ್ದಕ್ಕೆ ಬೆರಳು ನೋವು, ಕಣ್ಣಿಗೆ ಪೊರೆ ಎಂದು ಏನಾದರೂ ಬರೆದು ಜಾರಿಕೊಳ್ಳಬಹುದಿತ್ತು. ಆದರೆ ಆ ಬಸ್ ಕಚೇರಿಯ ಪಾಸು ವಿಭಾಗದಲ್ಲಿ ನೀನು ದುಡ್ಡಿನ ಕಿಂಡಿಯಲ್ಲಿ, ನಾನು ಸೀಲಿನ ಕಿಂಡಿಯಲ್ಲಿ ಅಷ್ಟು ವರ್ಷ ಕೂತು ಜನರ ನೆಪ ಕೇಳಿ ಕೇಳಿ, ನಮ್ಮಿಬ್ಬರಿಗೂ ನೆಪದ ವಾಸನೆ ದೂರದಿಂದಲೇ ಬಡಿಯುತ್ತದೆ. ಆದ್ದರಿಂದ ನಿಜವನ್ನೇ ಬರೆಯುತ್ತೇನೆ. ನಾಚಿಕೆಯಿಂದ ಬರೆಯಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿನಗೆ ಕಿವಿ ಮಂದ, ನಾನು ಕೂಗಬೇಕು, ಕೂಗಿದರೆ ಮಹಡಿಯವರಿಗೆಲ್ಲ ಪುಕ್ಕಟೆ ವಾರ್ತೆ.

ನನ್ನ ತಮ್ಮನ ಹುಚ್ಚು ನಿನಗೆ ಗೊತ್ತೇ ಇದೆ. ಆಸ್ಪತ್ರೆಗಳಿಗೆ ಸ್ಕ್ಯಾನಿಂಗ್ ಯಂತ್ರ ಮಾರುತ್ತ ದೇಶ ದೇಶ ಸುತ್ತುವವನು. ಎಲ್ಲಿಗೆ ಹೋದರೂ ಒಂದೇ ಕಂಪನಿಯ ಹೋಟೆಲಿನಲ್ಲಿ ಇಳಿಯುತ್ತಾನೆ. ಇಳಿದಷ್ಟೂ ಪಾಯಿಂಟು, ಪಾಯಿಂಟು ಏರಿದಷ್ಟೂ ಕಾರ್ಡಿನ ಬಣ್ಣ ಬದಲು. ಮೊದಲು ಬೆಳ್ಳಿ, ಆಮೇಲೆ ಚಿನ್ನ, ಈಗ ವಜ್ರ. ಹೋದ ವರ್ಷ ವಜ್ರ ಉಳಿಯಲು ಒಂದು ರಾತ್ರಿ ಕಡಿಮೆ ಬಿತ್ತೆಂದು, ತನ್ನ ಮನೆಯಿಂದ ಎರಡು ರಸ್ತೆ ಆಚೆ ಇರುವ ಹೋಟೆಲಿಗೆ ಪೆಟ್ಟಿಗೆ ಹಿಡಿದುಕೊಂಡು ಹೋಗಿ ಮಲಗಿ ಬಂದನಂತೆ. ಹೆಂಡತಿ ಬಾಲ್ಕನಿಯಲ್ಲಿ ನಿಂತು ಕೈ ಬೀಸಿದಳಂತೆ. ನಾನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಆ ಪಾಯಿಂಟುಗಳನ್ನೆಲ್ಲ ಒಟ್ಟು ಮಾಡಿ, "ಅಕ್ಕ, ಈ ಸಲ ನೀನೂ ಬಾ. ಒಂದು ಪೈಸೆ ಖರ್ಚಿಲ್ಲ, ಸಮುದ್ರದ ಕಡೆಗೆ ಕಿಟಕಿ ಇರೋ ರೂಮು" ಎಂದ. ನನಗೆ ಸಮುದ್ರವೂ ಬೇಡ, ಕಿಟಕಿಯೂ ಬೇಡ. ನನಗೆ ಬೇಕಾಗಿದ್ದು ಪುಟ್ಟಿ. ಅವನ ಮಗಳಿಗೆ ನಾಲ್ಕು ತುಂಬಿದರೂ ನಾನು ಅವಳಿಗೆ ಫೋನಿನೊಳಗಿನ ಒಂದು ಮುಖ ಅಷ್ಟೇ. ಕಂಡರೆ ಅಮ್ಮನ ಹಿಂದೆ ಅವಿತುಕೊಳ್ಳುತ್ತಿದ್ದಳು. ಹುಟ್ಟಿದ ತಿಂಗಳಿಗೇ ತಾಯಿ ಕಳೆದುಕೊಂಡ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಅವನ ಮಗಳು ನನ್ನ ಗುರುತು ಹಿಡಿಯದೆ ಹೋದರೆ ನನ್ನ ಬಾಳಿನ ಲೆಕ್ಕದಲ್ಲಿ ಉಳಿಯುವುದೇನು? ಅದೊಂದೇ ಆಸೆಗೆ ವಿಮಾನ ಹತ್ತಿದೆ.

ಆಸೆ ದಾರಿಯಲ್ಲೇ ಕೈಗೂಡಿತು ಕಣೇ. ವಿಮಾನದಲ್ಲಿ ಕರವಸ್ತ್ರದಲ್ಲಿ ಇಲಿ ಮಾಡಿ ತೋಳಿನ ಮೇಲೆ ಓಡಿಸಿದೆ. ಮೊದಲು ಇಲಿಯ ಸ್ನೇಹವಾಯಿತು, ಆಮೇಲೆ ನನ್ನದು. ಇಳಿಯುವ ಹೊತ್ತಿಗೆ "ಅತ್ತೇ, ಅತ್ತೇ" ಎಂದು ನನ್ನ ಸೆರಗು ಹಿಡಿದು ನಡೆಯುತ್ತಿದ್ದಳು. ಆ ಒಂದು ಶಬ್ದಕ್ಕೆ ನಾನು ಎಷ್ಟು ಉಬ್ಬಿಹೋದೆ ಎಂದರೆ ಪಕ್ಕದ ಸೀಟಿನ ಪರದೇಶದವನಿಗೂ ಅದರ ಅರ್ಥ ಬಿಡಿಸಿ ಹೇಳಿದೆ. ಅವನು ಪಾಪ ತಲೆಯಾಡಿಸಿದ.

ಹೋಟೆಲಿನ ವೈಭವ ಬರೆ ಎಂದೆಯಲ್ಲ, ಬರೆಯುತ್ತೇನೆ. ಬಾಗಿಲಲ್ಲಿ ತಮ್ಮನ ಹೆಸರು ಹಿಡಿದು ಸ್ವಾಗತ. ಅವನಿಗೆ ಎರಡು ದಿಂಬು ಬೇಕು, ಹಾಲಿಲ್ಲದ ಕಾಫಿ ಬೇಕು ಎಂಬುದೆಲ್ಲ ಅವರಿಗೆ ಬಾಯಿಪಾಠ. ಕಾಲಿಟ್ಟರೆ ಹೂತುಹೋಗುವಂಥ ಜಮಖಾನ. ಬಚ್ಚಲುಮನೆ ನನ್ನ ಇಡೀ ಮನೆಗಿಂತ ದೊಡ್ಡದು, ನಲ್ಲಿಯಲ್ಲಿ ನೀರು ಬರಿಸುವುದು ಹೇಗೆಂದು ಗೊತ್ತಾಗದೆ ಮೊದಲ ದಿನ ಕುಡಿಯುವ ನೀರಿನ ಬಾಟಲಿಯಲ್ಲೇ ಮುಖ ತೊಳೆದೆ. ಎಲ್ಲಕ್ಕಿಂತ ಮೇಲಿನ ಮಹಡಿಯಲ್ಲಿ ಕಾರ್ಡಿನವರಿಗೆಂದೇ ಒಂದು ಕೋಣೆ. ಲೌಂಜ್ ಅನ್ನುತ್ತಾರೆ. ಬೆಳಗಿನಿಂದ ಸಂಜೆಯ ತನಕ ತಿಂಡಿ, ಹಣ್ಣು, ಕಾಫಿ, ಯಾರೂ ಬಿಲ್ಲು ಕೇಳುವುದಿಲ್ಲ. ಬಿಟ್ಟಿ ಸಿಕ್ಕರೆ ನನಗೊಂದು ಇರಲಿ, ನಮ್ಮಪ್ಪನಿಗೊಂದು ಇರಲಿ ಅನ್ನುವ ಹಾಗೆ ದೊಡ್ಡ ದೊಡ್ಡ ಕೋಟಿನವರು ಬಾಳೆಹಣ್ಣನ್ನು ಜೇಬಿಗೆ ಇಳಿಸುತ್ತಿದ್ದರು.

ಮೊದಲ ಬೆಳಿಗ್ಗೆ ಅಲ್ಲಿಗೆ ಹೋದಾಗ ತಮ್ಮ, ಅವನ ಹೆಂಡತಿ, ಪುಟ್ಟಿ, ಈ ಮೂವರ ಮುಂದೆ ಬಟ್ಟೆಯ ಕರವಸ್ತ್ರ ಹಾಸಿ ತಟ್ಟೆ ಇಟ್ಟರು. ನನಗೆ ಪುಟ್ಟಿಯ ಕುರ್ಚಿಯ ಪಕ್ಕ ಬೆನ್ನಿಲ್ಲದ ಒಂದು ಮಣೆಯಂಥ ಸ್ಟೂಲು. ಮರೆತಿರಬೇಕು ಅಂದುಕೊಂಡೆ. ಕಾಫಿ ಸುರಿಯುವ ಹುಡುಗಿ ನನ್ನ ತನಕ ಬಂದು, ನಕ್ಕು, ಹಾಗೇ ಹಿಂದಿರುಗಿದಳು. ತಮ್ಮನೇ ಎದ್ದು ಹೋಗಿ ನನಗೊಂದು ತಟ್ಟೆ ತುಂಬಿಸಿ ತಂದು, "ತಿನ್ನು" ಎಂದ. ಅಕ್ಕ ಅನ್ನಲಿಲ್ಲ. ಅದು ನನಗೆ ಆಗ ತಟ್ಟಲಿಲ್ಲ, ಪಪ್ಪಾಯಿ ಅಷ್ಟು ಚೆನ್ನಾಗಿತ್ತು.

ಮರುದಿನ ಪಕ್ಕದ ಮೇಜಿನಲ್ಲಿ ಅಂಥದ್ದೇ ಸ್ಟೂಲಿನ ಮೇಲೆ ಕೂತು ಒಬ್ಬಾಕೆ ಅವಳಿ ಮಕ್ಕಳಿಗೆ ತಿನ್ನಿಸುತ್ತಿದ್ದಳು. ನೀಲಿ ಅಂಗಿ, ಬಿಗಿದು ಕಟ್ಟಿದ ಕೂದಲು. ನಾನು ಪುಟ್ಟಿಯನ್ನು ಗದರಿದ್ದು ಕೇಳಿ ನಮ್ಮ ಭಾಷೆಯಲ್ಲೇ ಮಾತಿಗೆ ಬಂದಳು. ಪರದೇಶದಲ್ಲಿ ನಮ್ಮ ಮಾತು ಕಿವಿಗೆ ಬಿದ್ದರೆ ತವರಿನವರು ಸಿಕ್ಕ ಹಾಗೆ. ನಾನು ಸ್ಟೂಲು ಸಮೇತ ಅವಳ ಕಡೆ ಸರಿದೆ. ಅವಳು ಮೊದಲು ಕೇಳಿದ್ದೇ, "ನೀವು ಇವರ ಹತ್ರ ಎಷ್ಟು ವರ್ಷದಿಂದ ಇದ್ದೀರಿ?" ಎಂದು.

ನಾನು ತಮ್ಮನ ಕಡೆ ನೋಡಿ, "ಅವನು ಹುಟ್ಟಿದಾಗಿನಿಂದ" ಎಂದೆ.

"ಅಷ್ಟು ವರ್ಷದಿಂದಾನಾ? ಪುಣ್ಯ ಮಾಡಿದ್ದಾರೆ ಬಿಡಿ. ಈಗಿನ ಕಾಲದಲ್ಲಿ ಅಂಥ ಆಯಾ ಎಲ್ಲಿ ಸಿಗ್ತಾರೆ" ಎಂದಳು.

ಆಮೇಲೆ ಅವಳೇ ಎಲ್ಲ ಬಿಡಿಸಿ ಹೇಳಿದಳು. ಆ ಕೋಣೆಗೆ ಕಾರ್ಡಿದ್ದವರು ಮತ್ತು ಜೊತೆಗೆ ಒಬ್ಬರು ಅಷ್ಟೇ. ದೊಡ್ಡವರಲ್ಲಿ ಮೂರನೆಯವರಿಗೆ ದುಡ್ಡು ಕೊಟ್ಟರೂ ಜಾಗವಿಲ್ಲ. ಚಿಕ್ಕ ಮಗುವಿಗೆ ಅಡ್ಡಿಯಿಲ್ಲ, ಮಗುವನ್ನು ನೋಡಿಕೊಳ್ಳುವ ಆಯಾ ಲೆಕ್ಕಕ್ಕಿಲ್ಲ. ನನ್ನ "ಯಜಮಾನರು", ಅಂದರೆ ನನ್ನ ತಮ್ಮ, ಬಂದ ದಿನ ಕೌಂಟರಿನಲ್ಲಿ ನನ್ನನ್ನು ಆಯಾ ಎಂದು ಬರೆಸಿದಾಗ ಅವಳು ಹಿಂದೆಯೇ ನಿಂತಿದ್ದಳಂತೆ. ನೆಲ ಬಾಯಿ ಬಿಡಬಾರದೇ ಅನಿಸಿತು. ಆ ಜಮಖಾನದ ನೆಲ ಎಲ್ಲಿ ಬಾಯಿ ಬಿಟ್ಟೀತು.

ರೂಮಿಗೆ ಬಂದ ಮೇಲೆ ತಮ್ಮನನ್ನು ನೇರವಾಗಿಯೇ ಕೇಳಿದೆ. ಅವನು ಕಿಟಕಿಯ ಕಡೆ ತಿರುಗಿ, ಅದು ಬರೀ ಅವರ ಕಂಪ್ಯೂಟರಿಗೆ ಹೇಳಿದ್ದು, ನಿನ್ನನ್ನು ಕೆಳಗೆ ಒಬ್ಬಳೇ ಬಿಟ್ಟು ನಾವು ಮೇಲೆ ತಿನ್ನುವುದು ಹೇಗೆ, ನಿನಗೋಸ್ಕರವೇ ಹಾಗೆ ಮಾಡಿದೆ ಎಂದ. ಕೆಳಗೆ ದುಡ್ಡು ಕೊಟ್ಟು ತಿನ್ನುವ ಊಟದ ಮನೆಯೂ ಇತ್ತು, ನಾಲ್ವರೂ ಅಲ್ಲೇ ತಿನ್ನಬಹುದಿತ್ತು. ಅದು ಅವನಿಗೆ ಹೊಳೆಯಲೇ ಇಲ್ಲ ಎಂದು ನಾನು ನಂಬುತ್ತೇನೆ. ವಜ್ರದ ಕಾರ್ಡಿದ್ದವನು ದುಡ್ಡು ಕೊಟ್ಟು ತಿಂದರೆ ವಜ್ರಕ್ಕೇ ಅವಮಾನ. ಅವನ ಹೆಂಡತಿ ಮಾತ್ರ ಕಣ್ಣು ತುಂಬಿಕೊಂಡು, "ನಾನು ಬೇಡ ಅಂದೆ ಅತ್ತಿಗೆ" ಎಂದಳು. ಅವಳು ಬೇಡ ಎಂದದ್ದೂ ನಿಜ, ಆಮೇಲೆ ಸುಮ್ಮನಾದದ್ದೂ ನಿಜ.

ಕೋಪ ಬಂದಿದ್ದರೆ ಎಷ್ಟು ಚೆನ್ನಾಗಿತ್ತು. ಕೋಪ ಬಂದರೆ ಬೈದು, ಅತ್ತು, ಮಲಗಿ ಏಳಬಹುದು. ನನಗೆ ಬಂದದ್ದು ನಾಚಿಕೆ. ನಮ್ಮ ಕಿಂಡಿಗೆ ಬಂದಿದ್ದ ಆ ಕಾಂಪೌಂಡರ್ ನೆನಪಾದ. ಅಣ್ಣನ ಮಗನನ್ನು ತನ್ನ ಮಗ ಎಂದು ತೋರಿಸಿ ಕುಟುಂಬದ ಪಾಸು ಕೇಳಿದವನು. "ಹೊಟ್ಟೆಯಲ್ಲಿ ಹುಟ್ಟಿಲ್ಲ ಅಷ್ಟೇ ಮೇಡಂ, ಬೆಳೆಸಿದ್ದು ನಾನೇ" ಎಂದು ಕೈ ಮುಗಿದ. ನಾನು ಕಿಂಡಿಯಿಂದ ತಲೆ ಹೊರಹಾಕಿ, ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ, ಬಸ್ಸಿಗಾಗಿ ಸಂಬಂಧ ಬದಲಾಯಿಸುತ್ತೀರಲ್ಲ, ನಾಚಿಕೆ ಆಗಲ್ವಾ ಎಂದಿದ್ದೆ. ಅವನು ಇಲ್ಲದ ಸಂಬಂಧವನ್ನು ಇದೆ ಎಂದ. ನಾನು ಇರುವ ಸಂಬಂಧವನ್ನು ಪಪ್ಪಾಯಿಯ ಜೊತೆ ನುಂಗಿದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಮತ್ತೆ ಆ ಕೋಣೆಗೆ ಕಾಲಿಡಬಾರದಿತ್ತು ಎನ್ನುತ್ತೀಯ. ಹೋದೆ. ಪುಟ್ಟಿ ನನ್ನ ಕೈಯಿಂದ ಮಾತ್ರ ತಿನ್ನುತ್ತಿದ್ದಳು ಎಂಬುದು ಒಂದು ಕಾರಣ. ಗಲಾಟೆಯಾದರೆ ಅಷ್ಟು ಜನರ ಮುಂದೆ ತಮ್ಮನ ತಲೆ ತಗ್ಗುತ್ತದೆ ಎಂಬುದು ಇನ್ನೊಂದು. ನೀನು ನನ್ನವಳು, ಮುಚ್ಚಿಡುವುದೇಕೆ, ಆ ಕೋಣೆಯ ತಂಪು, ಆ ಕಾಫಿಯ ಪರಿಮಳವೂ ಸ್ವಲ್ಪ ಎಳೆಯಿತು.

ಕೊನೆಯ ದಿನ ಸಂಜೆ ಕಾರ್ಡಿನವರಿಗೆಲ್ಲ ಹೋಟೆಲಿನ ಮ್ಯಾನೇಜರು ಒಂದು ಸತ್ಕಾರ ಇಟ್ಟುಕೊಂಡಿದ್ದ. ಒಬ್ಬೊಬ್ಬರೂ ಎದ್ದು ತಮ್ಮ ಅನುಭವ ಹೇಳಬೇಕು. ಒಬ್ಬಳ ಮದುವೆಯ ದಿನಕ್ಕೆ ಹೋಟೆಲಿನವರೇ ನೆನಪಿಟ್ಟು ಕೇಕು ಕಳಿಸಿದ್ದರಂತೆ. ಮುದುಕರೊಬ್ಬರು ಹೆಂಡತಿ ಹೋದ ಮೇಲೂ ಅದೇ ರೂಮು ಕೇಳಿ ಬರುತ್ತಾರಂತೆ. ತಮ್ಮನ ಸರದಿ ಬಂತು. ಅವಳಿ ಮಕ್ಕಳ ಆಯಾ ಗೋಡೆಗೆ ಒರಗಿ ನನ್ನ ಪಕ್ಕ ನಿಂತು, ಅವನು ಹೇಳಿದ್ದನ್ನು ಪಿಸುದನಿಯಲ್ಲಿ ನನಗೆ ಹೇಳುತ್ತ ಹೋದಳು. ಯಾವ ಊರಿಗೆ ಹೋದರೂ ಇವರು ನನ್ನನ್ನು ಮನೆಯವನ ಹಾಗೆ ಗುರುತು ಹಿಡಿಯುತ್ತಾರೆ, ಗುರುತು ಹಿಡಿಯುವುದಕ್ಕಿಂತ ದೊಡ್ಡ ಮರ್ಯಾದೆ ಇನ್ನೊಂದಿಲ್ಲ ಎಂದನಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಮಗುವನ್ನು ಎತ್ತಿಕೊಂಡಿದ್ದ ಕೈಯಲ್ಲಿ ಎಷ್ಟು ಆಗುತ್ತೋ ಅಷ್ಟು.

ಆಮೇಲೆ ಮ್ಯಾನೇಜರು ಸೀದಾ ನಮ್ಮ ಹತ್ತಿರ ಬಂದ. ಒಳ್ಳೆಯ ಮನುಷ್ಯ, ನಗುಮುಖ. ಬಗ್ಗಿ, ಪುಟ್ಟಿಯ ಗಲ್ಲ ಮುಟ್ಟಿ, ನನ್ನ ಕಡೆ ಕೈ ತೋರಿಸಿ, ಇವರು ಯಾರು ಎಂದು ಕೇಳಿದ. ನನ್ನ ತಮ್ಮ ಗ್ಲಾಸು ಹಿಡಿದು ನಿಂತಲ್ಲೇ ನಿಂತ. ಪುಟ್ಟಿ ನನ್ನ ಕತ್ತು ತಬ್ಬಿಕೊಂಡು, ಇಡೀ ಕೋಣೆಗೆ ಕೇಳುವ ಹಾಗೆ, "ಆಯಾ" ಎಂದಳು.

ಎಲ್ಲರಿಗೂ ಮುದ್ದು ಉಕ್ಕಿತು. ಆ ಮಗುವಿಗೆ ಯಾರು ಹೇಳಿಕೊಟ್ಟರೋ ಎಂದು ತಮ್ಮ ತನ್ನ ಹೆಂಡತಿಯ ಮುಖ ನೋಡಿದ, ಅವಳು ಅವನ ಮುಖ ನೋಡಿದಳು. ಯಾರು ಹೇಳಿಕೊಟ್ಟರೋ ನನಗೂ ಗೊತ್ತಿಲ್ಲ. ಮ್ಯಾನೇಜರು ನನ್ನ ಕೈ ಕುಲುಕಿ, ನಿಮ್ಮಂಥವರಿಂದಲೇ ನಮ್ಮ ಅತಿಥಿಗಳು ನೆಮ್ಮದಿಯಾಗಿರುತ್ತಾರೆ ಎಂದನಂತೆ, ಆಯಾಗಳಿಗೆಂದು ಇಟ್ಟಿದ್ದ ಸಾಬೂನಿನ ಪೊಟ್ಟಣ ಕೊಟ್ಟ. ತಗ್ಗಿ ತೆಗೆದುಕೊಂಡೆ. ಅದನ್ನು ಈ ಕಾಗದದ ಜೊತೆ ನಿನಗೆ ಕಳಿಸೋಣ ಎಂದುಕೊಂಡೆ, ಮನಸ್ಸು ಬರಲಿಲ್ಲ. ಇಲ್ಲೇ ಬೀರುವಿನಲ್ಲಿದೆ, ಬಾಗಿಲು ತೆಗೆದಾಗೆಲ್ಲ ಘಮ್ಮೆನ್ನುತ್ತದೆ.

ವಿಮಾನ ನಿಲ್ದಾಣಕ್ಕೆ ಹೋಗುವ ಕಾರಿನಲ್ಲಿ ತಮ್ಮ, "ಅಕ್ಕ, ಮುಂದಿನ ಸಲ ನಿನಗೇ ಅಂತ ಬೇರೆ ರೂಮು ತಗೋತೀನಿ. ಪಾಯಿಂಟು ಬೇಕಾದಷ್ಟಿದೆ" ಎಂದ. ಅವನಿಗೆ ಕ್ಷಮೆ ಕೇಳಲು ಗೊತ್ತಿರುವುದೇ ಅಷ್ಟು. ಅವನನ್ನು ಬೆಳೆಸಿದವಳು ನಾನೇ ಆದ್ದರಿಂದ ಬೈಯುವುದಾದರೂ ಯಾರನ್ನು. ಸರಿ ಎಂದೆ.

ಇಷ್ಟೇ ವೈಭವ. ನಿನ್ನ ಸೊಸೆಯನ್ನು ಹೆಚ್ಚು ಗೋಳು ಹುಯ್ದುಕೊಳ್ಳಬೇಡ, ಒಳ್ಳೆಯ ಹುಡುಗಿ. ವೈದ್ಯರು ಹೇಳಿದಷ್ಟೇ ನಡೆ, ನಿನ್ನ ಲೆಕ್ಕದಲ್ಲಿ ಚಿಲ್ಲರೆ ಸೇರಿಸಬೇಡ. ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ, ನೂರು ಕಾಲ ಬಾಳಲಿ, ತಮ್ಮವರನ್ನು ತಮ್ಮವರು ಎನ್ನುವ ನಾಲಿಗೆ ಅವರಿಗಿರಲಿ.

ನಿನ್ನ,
ಸೀಲಮ್ಮ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಮೇಲೆ ಒಂದು ಸುಳ್ಳು ಬರೆದೆ. ನೀನು ದುಡ್ಡಿನ ಕಿಂಡಿಯಲ್ಲಿದ್ದರೂ ನಿನ್ನ ಕಣ್ಣಿಗೆ ಬಿದ್ದೇ ಇರುತ್ತದೆ. ಆ ಮಗುವಿಗೆ ಹೇಳಿಕೊಟ್ಟವಳು ನಾನೇ. ಸತ್ಕಾರಕ್ಕೆ ಹೋಗುವಾಗ ಲಿಫ್ಟಿನಲ್ಲಿ, ಅವಳು ಎಲ್ಲಿ ಅತ್ತೆ ಎಂದುಬಿಟ್ಟು ತಮ್ಮನ ಮಾನ ಹೋಗುತ್ತೋ ಎಂದು, "ಪುಟ್ಟಿ, ಇದೊಂದು ಆಟ, ಮೇಲೆ ನನ್ನನ್ನ ಅತ್ತೆ ಅನ್ಬಾರ್ದು, ಆಯಾ ಅನ್ಬೇಕು" ಎಂದೆ. ತಪ್ಪಿದಾಗೆಲ್ಲ ತಿದ್ದಿದೆ. ಸರಿಯಾಗಿ ಹೇಳಿದಾಗ ಮುತ್ತು ಕೊಟ್ಟೆ. ಆಟ ಮುಗಿಯಿತು ಎಂದು ಹೇಳುವುದನ್ನು ಮರೆತೆ.

ಮೊನ್ನೆ ತಮ್ಮನ ಫೋನಿನಿಂದ ಅವಳೇ ಮಾತಾಡಿದಳು. "ಆಯಾ, ನಮ್ಮನೆಗೆ ಕೆಲ್ಸಕ್ಕೆ ಯಾವಾಗ ಬರ್ತೀಯಾ?" ಎಂದಳು. ಪಕ್ಕದಲ್ಲೇ ತಮ್ಮನಿದ್ದ, ಅವನು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಅವನು ತಿದ್ದಲಿ ಎಂದು ನಾನು ಕಾದೆ. ನಾನು ತಿದ್ದಲಿ ಎಂದು ಅವನು ಕಾದನೋ ಏನೋ. ಮಗು ಇನ್ನೊಂದು ಸಲ ಕೇಳಿತು.

"ಬರ್ತೀನಿ ಕಂದಾ," ಎಂದೆ. "ನಿಮ್ಮಪ್ಪ ಕರೆದಾಗ ಬರ್ತೀನಿ."